ಸೀಮೆಸುಣ್ಣದ ಬಚ್ಚಲುಮನೆ

ಜಗಳ ಶುರುವಾದದ್ದು ಹಲ್ಲುಜ್ಜುವ ಬ್ರಶ್ಶಿನಿಂದ. ಎಂಟು ವರ್ಷದ ಬೊರಾಳ ಬ್ರಶ್ಶಿನಲ್ಲಿ ಆರು ವರ್ಷದ ತಮ್ಮ ಮಿರು ತನ್ನ ಪ್ಲಾಸ್ಟಿಕ್ ಡೈನೋಸಾರಿನ ಬೆನ್ನು ತಿಕ್ಕಿದ್ದ. ಬೊರಾ ಮಿರುವಿನ ಬ್ರಶ್ಶನ್ನು ತೆಗೆದು ಕಮೋಡಿಗೆ ಹಾಕಿ ಹೊರಗೆ ಬಂದಳು. ಮಿರು ಒಳಗಿನಿಂದ ಚಿಲಕ ಹಾಕಿಕೊಂಡು ಅಳುತ್ತ ಕುಳಿತ. ನಾಲ್ಕು ವರ್ಷದ ದಾಮಿ ಬಚ್ಚಲಿನ ಬಾಗಿಲ ಮುಂದೆ ಕಾಲು ಹೆಣೆದುಕೊಂಡು ಸ್ವಲ್ಪ ಹೊತ್ತು ಕುಣಿದಳು. ಆಮೇಲೆ ಅವಳಿಗೆ ಕುಣಿಯುವ ಅಗತ್ಯವೇ ಉಳಿಯಲಿಲ್ಲ. ಅಪ್ಪನ ಕಾಲುಚೀಲ ಒದ್ದೆಯಾಯಿತು.

ಈ ಅಪ್ಪನ ಹೆಸರು ಕುಕ್ ಜಿನ್‌ಮೊ. ನಮ್ಮ ಬಂದರು ಊರು ಮೊಕ್ಪೊದ ಆಚೆ ದಡದಲ್ಲಿರುವ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಹಡಗಿನ ನಕ್ಷೆ ಎಂದರೆ ನೀವು ಎಂಜಿನ್ನು, ಚುಕ್ಕಾಣಿ ಎಂದುಕೊಳ್ಳಬಹುದು. ಅದೆಲ್ಲ ಬೇರೆಯವರದು. ಜಿನ್‌ಮೊ ಹದಿನೇಳು ವರ್ಷದಿಂದ ಬರೆಯುತ್ತಿರುವುದು ನಾವಿಕರ ಬಚ್ಚಲುಮನೆಗಳನ್ನು. ಹೆಂಡತಿಯ ತವರಿನವರು ಕೇಳಿದಾಗ ಅವನು "ಒಳಾಂಗಣ ವಿಭಾಗ" ಎನ್ನುತ್ತಾನೆ. ನನ್ನ ಹತ್ತಿರ ಕುಡಿಯಲು ಕುಳಿತಾಗ ಮಾತ್ರ ನಿಜ ಹೇಳುತ್ತಾನೆ.

"ಮೇಷ್ಟ್ರೇ, ಇಲ್ಲಿತನಕ ನಾನೂರು ಬಚ್ಚಲು ಬರೆದಿರಬಹುದು. ನಾನು ಬರೆದ ಬಚ್ಚಲಲ್ಲಿ ಒಬ್ಬ ಮನುಷ್ಯ ಮುಖ ತೊಳ್ಕೊಳ್ಳೋದನ್ನ ಒಂದು ಸಲಾನೂ ಕಣ್ಣಲ್ಲಿ ನೋಡಿಲ್ಲ. ಕೆಲಸ ಮುಗೀತು ಅಂದ್ರೆ ಹಡಗು ಹೊರಟೇ ಹೋಗುತ್ತೆ. ಅಡುಗೆಯವನಿಗೆ ತಿಂದವನ ಮುಖ ಆದ್ರೂ ಕಾಣುತ್ತೆ."

ಜಗಳ ನಡೆದ ಆ ಶನಿವಾರ ಅವನಿಗೆ ಕೊನೆಗೂ ಅವಕಾಶ ಬಂದಿತ್ತು. ಅವರ ಬಚ್ಚಲಿನ ಕೊಳವೆ ಒಡೆದು, ಕೆಳಗೆ ನೆಲಮಹಡಿಯ ಜಿಂದೊ ಅಜ್ಜಿಯ ಬಚ್ಚಲಿನ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೇಗೂ ನೆಲ ಒಡೆಯಬೇಕು, ಒಡೆದ ಮೇಲೆ ಮಕ್ಕಳಿಗೆ ಹೊಂದುವ ಹಾಗೆ ಇಡೀ ಬಚ್ಚಲನ್ನೇ ಹೊಸದಾಗಿ ಮಾಡಿಸೋಣ ಎಂದು ಹೆಂಡತಿ ಯಂಗ್‌ರಾನ್ ತೀರ್ಮಾನಿಸಿದ್ದಳು. ದ್ವೀಪಗಳಿಗೆ ಹೋಗುವ ಹಡಗಿನ ಟಿಕೆಟ್ ಕೌಂಟರಿನಲ್ಲಿ ಕುಳಿತು ಮಾತಾಡುವವಳು ಅವಳು. ಮನೆಯಲ್ಲೂ ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ.

"ಮೂರು ಗಂಟೆಗೆ ಬಾಂಗ್ ಮೇಸ್ತ್ರಿ ಬರ್ತಾರೆ. ಯಾವುದು ಎಲ್ಲಿ ಬರಬೇಕು ಅಂತ ಅಷ್ಟರೊಳಗೆ ಬರೆದು ಕೊಡಿ," ಎಂದು ಶೂ ಹಾಕಿಕೊಳ್ಳುತ್ತ ಹೇಳಿದಳು. "ಮಕ್ಕಳಿಗೆ ಆಟಾನೂ ಆಗ್ಬೇಕು, ಕೆಲಸಾನೂ ಆಗ್ಬೇಕು. ಮೂರೂ ಜನಾನ ಕೇಳಿ ಮಾಡಿ. ಅವರದ್ದಲ್ವಾ ಬಚ್ಚಲು."

ಇಪ್ಪತ್ನಾಲ್ಕು ನಾವಿಕರಿಗೆ ಒಂದು ಬಚ್ಚಲು ಹೊಂದಿಸಿದವನಿಗೆ ಮೂರು ಮಕ್ಕಳು ಯಾವ ಲೆಕ್ಕ ಎಂದು ಜಿನ್‌ಮೊ ನಕ್ಕ. ಆ ದಿನ ಅವನು ತನ್ನ ಖುಷಿಗೆ ನಕ್ಕದ್ದು ಅದೇ ಕೊನೆ. ಮುಂದಿನ ನಗೆಯೆಲ್ಲ ಬೇರೆಯವರದು.

ಹತ್ತು ಗಂಟೆಗೆ ನಕ್ಷೆ ತಯಾರಾಯಿತು. ಐದು ಅಡಿ ಅಗಲ, ಏಳು ಅಡಿ ಉದ್ದದ ಜಾಗದಲ್ಲಿ ಒಂದು ಅಂಗುಲವೂ ವ್ಯರ್ಥವಾಗದ ಹಾಗೆ ಎಲ್ಲವೂ ಕೂತಿತ್ತು. ಮಕ್ಕಳು ಊಟದ ಮೇಜಿನ ಸುತ್ತ ಕುಳಿತು ನೋಡಿದರು. ತನಗೆ ಒಂದು ಬೀಗ, ಒಂದು ಪರದೆ, ತಾನೊಬ್ಬಳೇ ನೋಡಿಕೊಳ್ಳುವ ಒಂದು ಕನ್ನಡಿ ಎಲ್ಲಿದೆ ಎಂದು ಬೊರಾ ಕೇಳಿದಳು. ತಿಮಿಂಗಿಲ ಎಲ್ಲಿ ಎಂದು ಮಿರು ಕೇಳಿದ. ಯಾವ ತಿಮಿಂಗಿಲ ಎಂದು ಅಪ್ಪ ಕೇಳಿದ್ದಕ್ಕೆ, ಬಚ್ಚಲು ಎಂದ ಮೇಲೆ ತಿಮಿಂಗಿಲ ಇರಲೇಬೇಕಲ್ಲ ಎಂಬಂತೆ ಅವನನ್ನೇ ಕರುಣೆಯಿಂದ ನೋಡಿದ. ದಾಮಿಗೆ ಬಾಗಿಲೇ ಬೇಡವಾಗಿತ್ತು. ಅವಳು ಕಮೋಡಿನ ಮೇಲೆ ಕುಳಿತು ಹಾಡುವವಳು. ಬಾಗಿಲು ಹಾಕಿದರೆ ಹಾಡು ಯಾರಿಗೆ ಕೇಳಬೇಕು?

ಜಿನ್‌ಮೊ ತಾಳ್ಮೆಯಿಂದ ಗೆರೆಗಳನ್ನು ವಿವರಿಸಿದ. ಕಾಗದದ ಮೇಲಿನ ಗೆರೆ ಮಕ್ಕಳಿಗೆ ಅರ್ಥವಾಗಲಿಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಕೆಳಗೆ ಕಾರು ನಿಲ್ಲಿಸುವ ಅಂಗಳದಲ್ಲಿ ಬಚ್ಚಲನ್ನು ನಿಜವಾದ ಅಳತೆಯಲ್ಲೇ ಬರೆದು, ಮಕ್ಕಳನ್ನು ಅದರೊಳಗೆ ಓಡಾಡಿಸಿ ನೋಡುವುದು. ಸೀಮೆಸುಣ್ಣ ಕೇಳಲು ನಾಲ್ಕನೇ ಮಹಡಿಗೆ, ನನ್ನ ಮನೆಗೆ ಬಂದ. ನಾನು ಪ್ರೈಮರಿ ಶಾಲೆಯ ಮೇಷ್ಟ್ರು. ಕೆಂಪು, ಹಳದಿ, ನೀಲಿ ಮೂರು ಬಣ್ಣದ್ದನ್ನೂ ಕೊಟ್ಟೆ. ಆದ್ದರಿಂದ ಮುಂದೆ ನಡೆದದ್ದರಲ್ಲಿ ನನಗೂ ಪಾಲಿದೆ.

ನಮ್ಮದು ಐದು ಮಹಡಿಯ ಹಳೆಯ ಕಟ್ಟಡ. ಲಿಫ್ಟು ಇಲ್ಲ. ಮೇಲೆ ಹತ್ತುವುದು ಕಷ್ಟವೆಂದು ಕೆಳಗಿಳಿದವರು ಆದಷ್ಟು ಹೊತ್ತು ಅಂಗಳದಲ್ಲೇ ನಿಂತಿರುತ್ತಾರೆ, ಅಲ್ಲಿ ಏನಾದರೂ ನಡೆದರೆ ಬಿಡುವುದಿಲ್ಲ. ಜಿನ್‌ಮೊ ಮೊಣಕಾಲೂರಿ ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಜಿಂದೊ ಅಜ್ಜಿ ಬಾಗಿಲು ತೆರೆದಳು. ಜಿಂದೊ ದ್ವೀಪದಿಂದ ಮದುವೆಯಾಗಿ ಬಂದು ಐವತ್ತೆಂಟು ವರ್ಷವಾದರೂ ಅವಳ ಹೆಸರು ಅದೇ. ಅವಳ ಹಿಂದೆ ಎರಡನೇ ಮಹಡಿಯ ಚೀಫ್ ತಾಕ್ ಬಂದರು. ಸರಕು ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರ ಕೊರಳಲ್ಲಿ ಈಗಲೂ ಒಂದು ಸಿಳ್ಳೆ, ಜೇಬಿನಲ್ಲಿ ಒಂದು ಸ್ಟಾಪ್‌ವಾಚ್. ನಿವೃತ್ತಿಯ ಮೇಲೆ ಅಳೆಯಲು ಏನೂ ಸಿಗದೆ ಅವರು ಸೊರಗಿದ್ದರು.

"ಏನ್ ಇದು, ಬೊರಾ ಅಪ್ಪ?" ಎಂದು ಅಜ್ಜಿ ಕೇಳಿದಳು.

"ಬಚ್ಚಲು ಅಜ್ಜಿ."

"ಇಲ್ಲೇನಾ?"

ಅವನು ವಿವರಿಸಿದ. ಅಜ್ಜಿ ಗೆರೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗೆರೆಯೊಳಗೆ ಕಾಲಿಡುವ ಮುಂಚೆ ಚಪ್ಪಲಿ ಬಿಟ್ಟಳು. ಅಲ್ಲಿಂದ ಮುಂದೆ ಎಲ್ಲರೂ ಚಪ್ಪಲಿ ಬಿಟ್ಟೇ ಒಳಗೆ ಬರಬೇಕಾಯಿತು. ಸ್ನಾನದ ತೊಟ್ಟಿ ಎಂದು ಅಜ್ಜಿಯ ಮನೆಯಿಂದ ಕಿಮ್ಚಿ ಉಪ್ಪಿನಕಾಯಿ ಕಲಸುವ ದೊಡ್ಡ ಕೆಂಪು ರಬ್ಬರ್ ಬೋಗುಣಿ ಬಂತು. ವಾಶ್‌ಬೇಸಿನ್ ಎಂದು ಚೀಫ್ ತಮ್ಮ ಮಡಚುವ ಮೇಜು ತಂದರು. ಕಮೋಡಿಗೆ ನನ್ನ ಕುರ್ಚಿ ಹೋಯಿತು.

ಮೊದಲ ಸಲ ಚೀಫ್ ಸಿಳ್ಳೆ ಊದಿ ಗಡಿಯಾರ ಒತ್ತಿದಾಗ, ಮೂರು ಮಕ್ಕಳೂ ಒಟ್ಟಿಗೇ ವಾಶ್‌ಬೇಸಿನ್ನಿಗೆ ನುಗ್ಗಿ, ಮೇಜು ಮಗುಚಿ, ಮಿರು ಕೆಂಪು ಬೋಗುಣಿಯೊಳಗೆ ತಲೆಕೆಳಗಾಗಿ ಬಿದ್ದ. ಸಮಯ ಒಂಬತ್ತು ಸೆಕೆಂಡು ಎಂದು ಚೀಫ್ ಬರೆದುಕೊಂಡರು. ಎರಡನೇ ಸಲ ಬೊರಾ ಪರದೆಯಿಲ್ಲದೆ ತಾನು ಒಳಗೆ ಕಾಲಿಡುವುದಿಲ್ಲ ಎಂದು ಮುಷ್ಕರ ಹೂಡಿದಳು. ಯಾರದೋ ಹೊದಿಕೆ ಹಿಡಿದುಕೊಂಡು ಇಬ್ಬರು ನಿಂತೆವು. ಒಬ್ಬ ನಾನು.

ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿತ್ತು. ಚೀಫ್ ಅವರಿಗೆ ಎಲ್ಲ ಕೊಳವೆಗಳೂ ಹೊರಗೆ ಕಾಣಬೇಕು, ಬೇರೆ ಬೇರೆ ಬಣ್ಣ ಇರಬೇಕು. ಜಿಂದೊ ಅಜ್ಜಿಯಂತೂ ಗೆರೆಯೊಳಗೆ ಬಿಡಾರವನ್ನೇ ಹೂಡಿದಳು. ನಲ್ಲಿ ಇನ್ನೂ ಕೆಳಗೆ ಬರಲಿ, ಮಕ್ಕಳು ಕೈ ಎತ್ತಬಾರದು ಎಂದಳು. ಕಮೋಡಿನ ಪಕ್ಕ ಗೋಡೆಗೆ ಒಂದು ಹಿಡಿ ಬೇಕು, ಮಕ್ಕಳಿಗೆ ಏಳುವಾಗ ಆಸರೆ ಎಂದಳು. ಹೊಸ್ತಿಲು ಬೇಡ, ಮಕ್ಕಳು ಎಡವುತ್ತಾರೆ ಎಂದಳು. ಮೈ ತಿಕ್ಕಿಕೊಳ್ಳಲು ಕುಳಿತುಕೊಳ್ಳುವ ಒಂದು ಕಟ್ಟೆ ಬೇಕು, ಅದು ಮೊಣಕಾಲಿಗಿಂತ ಕೆಳಗೆ ಇರಬಾರದು, ಮಕ್ಕಳ ಮಂಡಿಗೆ ನೋವಾಗುತ್ತದೆ ಎಂದು ಹೇಳಿ, ಕೂತು ಎದ್ದು ಕೂತು ಎದ್ದು ಸರಿಯಾದ ಎತ್ತರವನ್ನು ತಾನೇ ಗುರುತು ಮಾಡಿಸಿದಳು. ಜಿನ್‌ಮೊ ಎಲ್ಲವನ್ನೂ ಬರೆದುಕೊಂಡ. ಹದಿನೇಳು ವರ್ಷದಲ್ಲಿ ಅವನ ನಕ್ಷೆಯನ್ನು ಯಾರೂ ಇಷ್ಟು ಮನಸ್ಸಿಟ್ಟು ನೋಡಿರಲಿಲ್ಲ.

ಕಮೋಡಿನ ಜಾಗದ ಬಗ್ಗೆ ಮಾತ್ರ ಒಮ್ಮತ ಬರಲಿಲ್ಲ. ಬಾಗಿಲು ತೆರೆದರೆ ಕೂತವರ ಮಂಡಿಗೆ ತಾಗುತ್ತದೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ದೊಡ್ಡ ಮನುಷ್ಯನೊಬ್ಬ ಕೂರಬೇಕು ಎಂದು ಚೀಫ್ ಹೇಳಿದಾಗ ಎಲ್ಲರೂ ಜಿನ್‌ಮೊನನ್ನೇ ನೋಡಿದರು. ಅವನು ಕುಳಿತ. ಸಹಜವಾಗಿ ಇರಲಿ ಎಂದು ಯಾರೋ ಕೈಗೆ ಪತ್ರಿಕೆ ಕೊಟ್ಟರು. ಸರಿಯಾಗಿ ಆಗ ವಾರದ ತರಕಾರಿ ಲಾರಿ, ಮೇಲಿನ ಧ್ವನಿವರ್ಧಕದಲ್ಲಿ ಮೂಲಂಗಿ, ಈರುಳ್ಳಿ ಎಂದು ಕೂಗುತ್ತ ಗೇಟಿನೊಳಗೆ ಬಂತು.

ಚೀಫ್ ಸಿಳ್ಳೆ ಊದಿ ಕೈ ಅಡ್ಡ ಹಿಡಿದರು. ಲಾರಿಯ ಮುಂದಿನ ಚಕ್ರ ಸ್ನಾನದ ತೊಟ್ಟಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅಂಗಳದ ನಡುವೆ ಬರಿಗಾಲಲ್ಲಿ ಪತ್ರಿಕೆ ಹಿಡಿದು ಕೂತವನನ್ನೂ, ಅವನ ಸುತ್ತ ಹೊದಿಕೆ ಹಿಡಿದು ನಿಂತವರನ್ನೂ ತರಕಾರಿಯವನು ಕಿಟಕಿಯಿಂದ ನೋಡಿದ. ವಿಷಯ ತಿಳಿದ ಮೇಲೆ ಅವನಿಗೂ ಒಂದು ಅಭಿಪ್ರಾಯ ಬಂತು. ಆದರೆ ಬಾಯಿಯ ಮುಂದಿನ ಮೈಕನ್ನು ಆರಿಸಲು ಮರೆತ.

"ಅಣ್ಣಾ, ನೀವು ಬಾಗಿಲ ಎದುರಿಗೇ ಕೂತ್ರೆ ಮನೆಗೆ ಬಂದೋರಿಗೆಲ್ಲ ಕಾಣ್ಸುತ್ತೆ. ಎಡಕ್ಕೆ ತಿರುಗಿ ಕೂತ್ಕೊಳ್ಳಿ."

ಸಲಹೆ ನಮ್ಮ ಓಣಿಗೆ, ಪಕ್ಕದ ಓಣಿಗೆ, ಗುಡ್ಡದ ಮೇಲಿನ ಮನೆಗಳಿಗೆ ಏಕಕಾಲಕ್ಕೆ ಕೇಳಿಸಿತು. ಕಿಟಕಿಗಳು ತೆರೆದುಕೊಂಡವು. ಹತ್ತು ನಿಮಿಷದಲ್ಲಿ ಪಕ್ಕದ ಎರಡು ಕಟ್ಟಡದವರೂ ನಮ್ಮ ಅಂಗಳದಲ್ಲಿದ್ದರು. ಎಡಕ್ಕೆ ತಿರುಗಿ ಕೂತ ಜಿನ್‌ಮೊ ಪತ್ರಿಕೆಯನ್ನು ಮುಖದ ಮುಂದೆ ಎತ್ತಿಕೊಂಡ. ಅದು ತಲೆಕೆಳಗಾಗಿತ್ತು. "ಒಳಾಂಗಣ ವಿಭಾಗ ಅಂತಿದ್ದೆ. ಈಗ ಹೊರಾಂಗಣಕ್ಕೆ ಬಡ್ತಿ ಸಿಕ್ತು, ಮೇಷ್ಟ್ರೇ," ಎಂದು ಪತ್ರಿಕೆಯ ಹಿಂದಿನಿಂದ ನನಗೆ ಹೇಳಿದ.

ಬಂದವರಿಗೆ ತೋರಿಸಲು ಮತ್ತೆ ಓಟ ಮಾಡಿಸಿದರು. ಮತ್ತೆ ಡಿಕ್ಕಿ, ಮತ್ತೆ ಅಳು. ಗಂಟೆ ಎರಡು ದಾಟಿತ್ತು. ಜಿನ್‌ಮೊ ನೆಲದ ಮೇಲೆ ಕುಸಿದು ಕುಳಿತ. ಇಪ್ಪತ್ನಾಲ್ಕು ನಾವಿಕರು ಯಾಕೆ ದೂರು ಹೇಳಿರಲಿಲ್ಲ ಎಂದು ಅವನಿಗೆ ಆಗ ಹೊಳೆಯಿತಂತೆ. ದೂರು ಹೇಳಲು ಅವರು ಆ ಹೊತ್ತಿಗೆ ಸಮುದ್ರದ ನಡುವೆ ಇದ್ದರು.

ಅವನನ್ನು ಉಳಿಸಿದ್ದು ದಾಮಿ. ದೊಡ್ಡವರ ಮಾತಿನಿಂದ ಬೇಸತ್ತು ಅವಳು ಬಚ್ಚಲಿನೊಳಗೇ ಮೂರು ಬಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದು, ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದಳು. ಬೊರಾ ಅವಳ ಹಿಂದೆ ಹೊರಟಳು, ಮಿರು ಬೊರಾಳ ಹಿಂದೆ. ಒಬ್ಬರು ಒಂದು ಮನೆ ಬಿಟ್ಟ ಮೇಲೆಯೇ ಇನ್ನೊಬ್ಬರು ಅದಕ್ಕೆ ಜಿಗಿಯಬೇಕು, ಗೆರೆ ತುಳಿದವರು ಔಟು. ಮೂವರೂ ಐದಡಿ ಅಗಲದಲ್ಲಿ ಒಬ್ಬರಿಗೊಬ್ಬರು ತಾಗದೆ ಸುತ್ತು ಹಾಕುತ್ತಿದ್ದರು.

ಜಿನ್‌ಮೊ ಎದ್ದು ನಿಂತ. ದಾಮಿಯ ಮನೆಗಳನ್ನು ಅಳಿಸಿ, ಅಳತೆ ಹಿಡಿದು ಮತ್ತೆ ಬರೆದ. ಹಲ್ಲುಜ್ಜುವುದು ಕೆಂಪು ಮನೆ, ಕಮೋಡು ನೀಲಿ, ಸ್ನಾನ ಹಳದಿ. ಒಂದು ಮನೆಗೆ ಒಬ್ಬರೇ, ಸಿಳ್ಳೆ ಊದಿದಾಗ ಮುಂದಿನ ಮನೆಗೆ ನೆಗೆತ. ನೆಲದ ಟೈಲ್ಸೇ ಕುಂಟೆಬಿಲ್ಲೆ. ಬೊರಾಳಿಗೆ ನೀಲಿ ಮನೆಯ ಸುತ್ತ ಪರದೆ. ಮಿರುವಿಗೆ ಗೋಡೆಯ ಮೇಲಿನಿಂದ ಬಾಯಿ ತೆರೆದ ತಿಮಿಂಗಿಲದ ಬುಟ್ಟಿ, ಬಿಚ್ಚಿದ ಬಟ್ಟೆಯನ್ನು ಅದಕ್ಕೆ ತಿನ್ನಿಸಬೇಕು. ದಾಮಿಯ ಹಾಡು ಹೊರಗೆ ಕೇಳಲು ಹಡಗಿನಲ್ಲಿರುವಂಥ ಒಂದು ಮಾತಿನ ಕೊಳವೆ, ಅದರ ಇನ್ನೊಂದು ತುದಿ ಅಡುಗೆಮನೆಗೆ. ಬರೆಯುತ್ತ ಬರೆಯುತ್ತ ಅವನ ಕಿವಿ ಕೆಂಪಾಯಿತು. ಒಬ್ಬ ಮನುಷ್ಯ ತನಗೆ ಗೊತ್ತಿರುವ ಕೆಲಸ ಮಾಡುವುದನ್ನು ನೋಡುವಾಗ ನಮ್ಮಂಥವರಿಗೂ ಬಾಯಿ ಮುಚ್ಚುತ್ತದೆ.

ಮೂರು ಗಂಟೆಗೆ ಬಾಂಗ್ ಮೇಸ್ತ್ರಿ ಬಂದ. ಸಿಗರೇಟನ್ನು ಕಿವಿಗೆ ಸಿಕ್ಕಿಸಿಕೊಂಡು, ಗುಂಪಿನ ನಡುವೆ ತೂರಿ, ನಾಲ್ಕೂ ಬದಿಯಿಂದ ನೋಡಿದ. ಚೀಫ್ ಸಿಳ್ಳೆ ಊದಿದರು. ಮೂರು ಮಕ್ಕಳು ಜಿಗಿದರು, ಉಜ್ಜಿದರು, ಕೂತರು, ಮೈ ತಿಕ್ಕಿದರು, ತಿಮಿಂಗಿಲಕ್ಕೆ ಬಟ್ಟೆ ತಿನ್ನಿಸಿದ ಹಾಗೆ ಮಾಡಿದರು, ಹೊರಗೆ ಬಂದು ಸಾಲಾಗಿ ನಿಂತರು. ಚೀಫ್ ಗಡಿಯಾರವನ್ನು ಎರಡು ಸಲ ನೋಡಿ, ಹನ್ನೊಂದು ನಿಮಿಷ ಎಂದು ಘೋಷಿಸಿದರು. ತರಕಾರಿಯವನು ಧ್ವನಿವರ್ಧಕದಲ್ಲಿ ಮತ್ತೊಮ್ಮೆ ಅದನ್ನು ಊರಿಗೆ ತಿಳಿಸಿದ. ಜನ ಚಪ್ಪಾಳೆ ತಟ್ಟಿದರು.

"ಮೂವತ್ತು ವರ್ಷದಿಂದ ಬಚ್ಚಲು ಕಟ್ತಾ ಇದ್ದೀನಿ. ಇಂಥದ್ದು ನೋಡಿಲ್ಲ," ಎಂದ ಬಾಂಗ್ ಮೇಸ್ತ್ರಿ. ಫೋನ್ ತೆಗೆದು ಎಲ್ಲ ಕಡೆಯಿಂದ ಫೋಟೋ ಹೊಡೆದ. ಟೇಪು ಹಿಡಿದು ಒಂದೊಂದು ಗೆರೆಯನ್ನೂ ಅಳೆದುಕೊಂಡ. ಜಿನ್‌ಮೊನ ಕಣ್ಣಲ್ಲಿ ನೀರು ಬಂತು. ಸೀಮೆಸುಣ್ಣದ ಪುಡಿ ಎಂದು ಒರೆಸಿಕೊಂಡ.

ಐದಕ್ಕೆ ಯಂಗ್‌ರಾನ್ ಬಂದಾಗ ಅವಳಿಗೆ ಕಂಡದ್ದು ಅಂಗಳದ ತುಂಬ ಜನ, ಲಾರಿ, ಕಿಮ್ಚಿ ಬೋಗುಣಿ, ಮತ್ತು ಮೂರು ಬಣ್ಣದ ಸುಣ್ಣ ಬಳಿದ ಗೋಡೆಗಳಂತೆ ನಿಂತಿದ್ದ ಮೂರು ಮಕ್ಕಳು. ವಿವರಣೆ ಕೇಳುವ ಮೊದಲು ಅವಳು ಮೂವರನ್ನೂ ಸ್ನಾನಕ್ಕೆ ಓಡಿಸಿದಳು. ಮನೆಯ ಹಳೆಯ ಬಚ್ಚಲಿಗೆ. ತಾನು ಕೌಂಟರಿನಿಂದ ತಂದಿದ್ದ ನೋವಿನ ಸೊಂಟವನ್ನು ಸೋಫಾಕ್ಕೆ ಒರಗಿಸಿ, ಎಂದಿನಂತೆ ಕೂಗಾಟ ಶುರುವಾಗಲಿ ಎಂದು ಕಾದಳು. ಶುರುವಾಗಲಿಲ್ಲ.

ಗಾಬರಿಯಿಂದ ಎದ್ದು ಹೋಗಿ ನೋಡಿದಳು. ಬೊರಾ ಬಣ್ಣ ಮಾಸಿದ ಹಳೆಯ ಟೈಲ್ಸಿನ ಮೇಲೆ ಬೆರಳು ತೋರಿಸುತ್ತ ಇದು ಕೆಂಪು, ಇದು ನೀಲಿ ಎನ್ನುತ್ತಿದ್ದಳು. ದಾಮಿ ಬಾಯಲ್ಲೇ ಸಿಳ್ಳೆ ಊದುತ್ತಿದ್ದಳು. ಮೂವರೂ ಮನೆಯಿಂದ ಮನೆಗೆ ನೆಗೆದು, ತೊಳೆದು, ಒರೆಸಿ, ಹೊರಗೆ ಬಂದು ಸಾಲಾಗಿ ನಿಂತರು. ಮಕ್ಕಳ ಹಿಂದೆಯೇ ಮೇಲೆ ಬಂದಿದ್ದ ಚೀಫ್ ಬಾಗಿಲ ಬಳಿ ಗಡಿಯಾರ ಒತ್ತಿದರು. ಹತ್ತು ನಿಮಿಷ ಐವತ್ತು ಸೆಕೆಂಡು.

ಹಿಂದೆ ನಿಂತಿದ್ದ ಜಿನ್‌ಮೊನ ಮುಖ ಮೊದಲು ಅರಳಿತು. ಆಮೇಲೆ ಹೆಂಡತಿಯ ಮುಖ ನೋಡಿ ಬಾಡಿತು.

"ಹೊಸ ಬಚ್ಚಲು ಯಾಕೆ ಮಾಡಿಸ್ಬೇಕು?" ಎಂದಳು ಯಂಗ್‌ರಾನ್. "ಇದರಲ್ಲೇ ಆಗ್ತಾ ಇದೆಯಲ್ಲ."

ತಿಮಿಂಗಿಲದ ಬಗ್ಗೆ, ಮಾತಿನ ಕೊಳವೆಯ ಬಗ್ಗೆ ಅವನು ಏನೋ ಹೇಳಹೋದ. ಕಾಯಿಲೆ ವಾಸಿಯಾದ ಮೇಲೆ ಯಾರಾದರೂ ಔಷಧ ಕುಡಿಯುತ್ತಾರೆಯೇ ಎಂದು ಅವಳು ಕೇಳಿದಳು. ಅವನ ಕೆಲಸವನ್ನು ಮನಸಾರೆ ಹೊಗಳಿದಳು ಕೂಡ. ಬಚ್ಚಲೇ ಇಲ್ಲದೆ ಬಚ್ಚಲಿನ ತೊಂದರೆ ಬಗೆಹರಿಸಿದ ಗಂಡ ಯಾರಿಗೆ ಸಿಗುತ್ತಾನೆ ಎಂದಳು. ಕೊಳವೆಯೊಂದನ್ನು ಸರಿ ಮಾಡಿಸಿ ಕೆಲಸ ಮುಗಿಸುವುದೆಂದು ತೀರ್ಮಾನವಾಯಿತು.

ಅಷ್ಟು ಅಳತೆ ಹಿಡಿದ ಬಾಂಗ್ ಮೇಸ್ತ್ರಿಗೆ ಹೇಗೆ ಮುಖ ತೋರಿಸುವುದೆಂದು ಜಿನ್‌ಮೊ ಒದ್ದಾಡುತ್ತ ಕೆಳಗಿಳಿದ. ಮೇಸ್ತ್ರಿ ಅಜ್ಜಿಯ ಮನೆಯ ಮೆಟ್ಟಿಲ ಮೇಲೆ ಕೂತು ಬಾರ್ಲಿ ಚಹಾ ಕುಡಿಯುತ್ತಿದ್ದ. ಮಾತು ಕೇಳಿ ಅವನಿಗೆ ಬೇಸರವೇನೂ ಆಗಲಿಲ್ಲ.

"ಪರವಾಗಿಲ್ಲ ಬಿಡಿ. ಆ ಬಚ್ಚಲನ್ನ ಅಜ್ಜಿ ಮನೇಲಿ ಕಟ್ತಾ ಇದ್ದೀನಿ. ಮೂರೂವರೆಗೇ ಮಾತಾಗಿ ಹೋಯ್ತು."

ಕೆಳಗಿನ ಬಚ್ಚಲು ಮೇಲಿನದರ ಅಳತೆಯದೇ. ಚಾವಣಿ ಹೇಗೂ ರಿಪೇರಿಯಾಗಬೇಕಿತ್ತು. ಕೈ ಎತ್ತಬೇಕಿಲ್ಲದ ನಲ್ಲಿ, ಏಳುವಾಗ ಆಸರೆಯ ಹಿಡಿ, ಎಡವಲು ಹೊಸ್ತಿಲೇ ಇಲ್ಲದ ಬಾಗಿಲು, ಮಂಡಿ ನೋಯದ ಕಟ್ಟೆ. ನಾಲ್ಕು ವರ್ಷದ ಮಗುವಿಗೆ ಮಂಡಿ ಯಾಕೆ ನೋಯುತ್ತದೆ ಎಂದು ಬೆಳಗ್ಗಿಂದ ನಮ್ಮಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಅಜ್ಜಿಗೆ ಎಂಬತ್ತೊಂದು ವರ್ಷ. ಅವಳು ಬಾಗಿಲಿಗೆ ಬಂದು, ಸ್ವಲ್ಪವೂ ನಾಚಿಕೆಯಿಲ್ಲದೆ ನಕ್ಕಳು.

"ನನಗೆ ಬೇಕು ಅಂದಿದ್ರೆ ನೀನು ಇಷ್ಟು ಚೆನ್ನಾಗಿ ಬರೀತಿದ್ಯಾ, ಬೊರಾ ಅಪ್ಪ? ಮಕ್ಕಳಿಗೆ ಅಂದಿದ್ದಕ್ಕೆ ಜೀವ ಬಿಟ್ಟು ಬರೆದೆ."

ತಿಮಿಂಗಿಲವೂ ಬೇಕೇ ಎಂದು ಅವನು ಕೇಳಿದ. ಬಟ್ಟೆ ಬುಟ್ಟಿಗೆ ಬಗ್ಗುವುದು ತಪ್ಪುತ್ತದೆ, ಇರಲಿ ಎಂದಳು ಅಜ್ಜಿ.

ನಿಜ ಹೇಳಬೇಕೆಂದರೆ ಜಿನ್‌ಮೊಗೆ ಒಳಗೊಳಗೇ ಸಂತೋಷವಾಯಿತು. ಹಡಗಿನ ಹಾಗೆ ಇದು ಹೊರಟು ಹೋಗುವುದಿಲ್ಲ, ಒಂದು ಮಹಡಿ ಇಳಿದರೆ ನೋಡಬಹುದು. ಮುಗಿದ ಮೇಲೆಯೇ ನೋಡೋಣ ಎಂದು ಹದಿನೆಂಟು ದಿನ ಅವನು ಕಾರ್ಖಾನೆಯಿಂದ ಬಂದವನೇ ಟೈಲ್ಸಿನ ಸದ್ದು ಕೇಳುತ್ತ ಮಲಗಿದ. ಕೆಲಸ ಮುಗಿದ ಭಾನುವಾರ ಅಜ್ಜಿ ಅಕ್ಕಿಕಡುಬು ಮಾಡಿ ಮೊದಲ ಸ್ನಾನಕ್ಕೆ ಮೂರೂ ಮಕ್ಕಳನ್ನು ಕರೆದಳು.

ಅದೇ ತಪ್ಪಾಯಿತು. ಸೋಮವಾರ ಬೆಳಗ್ಗೆ ಏಳಕ್ಕೆ ಮೂವರೂ ಟವೆಲು ಹೆಗಲಿಗೆ ಹಾಕಿ, ಬ್ರಶ್ಶು ಹಿಡಿದು ಕೆಳಗಿಳಿದರು. ಮಂಗಳವಾರವೂ ಇಳಿದರು. ಹಳೆಯ ಬಚ್ಚಲಿನಲ್ಲಿ ನೋಡಲು ಏನೂ ಇರಲಿಲ್ಲವಾದ್ದರಿಂದ ಹನ್ನೊಂದು ನಿಮಿಷ ಸಾಕಾಗಿತ್ತು. ಇಲ್ಲಿ ತಿಮಿಂಗಿಲವಿತ್ತು, ಪರದೆಯಿತ್ತು, ಅಜ್ಜಿಯ ಅಡುಗೆಮನೆಗೆ ಹಾಡು ಕಳಿಸುವ ಕೊಳವೆಯಿತ್ತು. ನಲವತ್ತು ನಿಮಿಷವಾದರೂ ಹೊರಗೆ ಬರುತ್ತಿರಲಿಲ್ಲ. ಕರೆದುಕೊಂಡು ಬಾ ಎಂದು ಯಂಗ್‌ರಾನ್ ಗಂಡನನ್ನು ಕಳಿಸುತ್ತಿದ್ದಳು. ಅವನು ಮುಚ್ಚಿದ ಬಾಗಿಲಿನ ಮುಂದೆ ನಿಂತು, ಒಂದೇ ಒಂದು ಸಲ ಇಣುಕಿ ನೋಡುತ್ತೇನೆ ಎಂದು ಬೇಡಿದರೆ, ಒಳಗಿನಿಂದ ಬೊರಾ, "ಅಪ್ಪ, ನಾನಿದ್ದೀನಿ, ಬರಬೇಡಿ," ಎನ್ನುತ್ತಿದ್ದಳು. ಮಕ್ಕಳು ಹೊರಗೆ ಬರುವಷ್ಟರಲ್ಲಿ ಅವನ ಕಾರ್ಖಾನೆಯ ಬಸ್ಸಿನ ಹೊತ್ತಾಗಿರುತ್ತಿತ್ತು. ಸಂಜೆ ಬರುವಷ್ಟರಲ್ಲಿ ಅವರು ಮತ್ತೆ ಒಳಗೆ ಸೇರಿರುತ್ತಿದ್ದರು.

ಗುರುವಾರ ಏಳೂ ಇಪ್ಪತ್ತಕ್ಕೆ ಜಿನ್‌ಮೊ ಮುಖ ತೊಳೆಯಲು ತನ್ನ ಬಚ್ಚಲಿಗೆ ಹೋದ. ಬಾಗಿಲಿಗೆ ಒಳಗಿನಿಂದ ಚಿಲಕ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಯಾರು ಒಳಗೆ ಎಂದು ಕೇಳಿದ.

"ನಾನು ಕಣಪ್ಪ," ಎಂದಿತು ಜಿಂದೊ ಅಜ್ಜಿಯ ದನಿ. "ಕೆಳಗೆ ನಿನ್ನ ಮಕ್ಕಳು ಬಿಡಲ್ವಲ್ಲ. ನಾನೆಲ್ಲಿಗೆ ಹೋಗ್ಲಿ?"

ಅವನು ಟವೆಲು ಹಿಡಿದು ಗೋಡೆಗೆ ಒರಗಿ ನಿಂತ. ಒಳಗೆ ನೀರು ನಿಧಾನವಾಗಿ ಬೀಳುತ್ತಿತ್ತು. ಅಜ್ಜಿಗೆ ಅವಸರವೇನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಮತ್ತೆ ಮಾತಾಡಿದಳು.

"ಬೊರಾ ಅಪ್ಪ, ಈ ನಲ್ಲಿ ಯಾಕೆ ಇಷ್ಟು ಎತ್ತರದಲ್ಲಿದೆ? ಹಿಡ್ಕೊಳ್ಳೋಕೆ ಏನೂ ಇಲ್ಲ, ಕೂರೋಕೆ ಜಾಗ ಇಲ್ಲ. ಯಾರಾದ್ರೂ ತಿಳಿದೋರನ್ನ ಕರೆಸಿ ಒಂದು ಸಲ ಸರಿ ಮಾಡಿಸ್ಬಾರ್ದಾ?"

"ನೋಡ್ತೀನಿ ಅಜ್ಜಿ," ಎಂದ ಜಿನ್‌ಮೊ.

ಕೆಳಗೆ ರಸ್ತೆಯಲ್ಲಿ ಕಾರ್ಖಾನೆಯ ಬಸ್ಸು ಎರಡನೇ ಸಲ ಹಾರ್ನ್ ಹೊಡೆಯಿತು.